ಹಾಲು ಕರೆದದ್ದು ಒಂದು ಸಲ, ಎಂಟರ್ ಒತ್ತಿದ್ದು ಮೂರು ಸಲ

"ಡೇರಿ ಲೆಕ್ಕದಲ್ಲಿ ಮೋಸ ನಡೀತಿದೆ, ಕಾರ್ಯದರ್ಶಿ ತಿಂತಿದ್ದಾನೆ, ನೀವು ಪೇಪರಿಗೆ ಬರೀಲೇಬೇಕು" ಎಂದು ಊರಿನವರೊಬ್ಬರು ಫೋನ್ ಮಾಡಿದಾಗ, ಸುಳ್ಳು ಯಾಕೆ ಹೇಳೋಣ, ನಮಗೆ ಖುಷಿಯೇ ಆಯಿತು. ಒಂದು ವಾರದಿಂದ ಜಿಲ್ಲಾ ಪುಟಕ್ಕೆ ನಮ್ಮಿಂದ ಗಟ್ಟಿ ಸುದ್ದಿ ಹೋಗಿರಲಿಲ್ಲ. ಕಂಪ್ಯೂಟರಿನಲ್ಲಿ ಬರೆದ ಹಾಲಿಗೂ ಟ್ಯಾಂಕರಿಗೆ ಸುರಿದ ಹಾಲಿಗೂ ದಿನಕ್ಕೆ 30-40 ಲೀಟರ್ ವ್ಯತ್ಯಾಸವಂತೆ. ಬೇಕಾದವರ ಹೆಸರಿಗೆ ಹೆಚ್ಚು ಬರೆದು ದುಡ್ಡು ಹಂಚಿಕೊಳ್ಳುತ್ತಾರೆ ಅನ್ನೋದು ಆರೋಪ. ತಲೆಬರಹ ಕೂಡ ಯೋಚಿಸಿಬಿಟ್ಟಿದ್ದೆವು.

ಆಮೇಲೆ ನೆನಪಾಯಿತು. ಆ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟವರು ನಾವೇ.

ನಾವು ಅಂದರೆ ಪತ್ರಿಕೋದ್ಯಮ ಡಿಪ್ಲೊಮಾ ಒಟ್ಟಿಗೆ ಮುಗಿಸಿದ ಇಬ್ಬರು. ಯೂಟ್ಯೂಬ್ ನೋಡಿ ಪೈಥಾನ್ ಕಲಿತು, ಅದರ ಜೊತೆಗೇ ಬರುವ ಟಿಕಿಂಟರ್‌ನಲ್ಲಿ ಒಂದು ಕಿಟಕಿ ಮಾಡಿಕೊಟ್ಟಿದ್ದೆವು. ಸದಸ್ಯರ ನಂಬರ್, ಲೀಟರ್, ಫ್ಯಾಟ್ ತುಂಬಿ ಎಂಟರ್ ಒತ್ತಿದರೆ ಲೆಕ್ಕ ಉಳಿಯುತ್ತದೆ, ಚೀಟಿ ಬರುತ್ತದೆ. ಒಂದು ವರ್ಷ ತೊಂದರೆ ಇಲ್ಲದೆ ನಡೆದಿತ್ತು.

ಸಂಜೆ ಹಾಲು ಹಾಕುವ ಹೊತ್ತಿಗೆ ಹೋಗಿ ಮೂಲೆಯಲ್ಲಿ ನಿಂತೆವು. ಕೆಟ್ಟುಹೋದ ಪ್ರಿಂಟರ್ ಜಾಗದಲ್ಲಿ ಇನ್ನೊಂದು ಹಳೆಯದು ಬಂದಿತ್ತು, ಚೀಟಿ ಬರಲು ನಾಲ್ಕು ಸೆಕೆಂಡ್ ಬೇಕು. ಅಷ್ಟು ಹೊತ್ತೂ ಕಿಟಕಿ ಮರಗಟ್ಟಿದ ಹಾಗೆ ನಿಲ್ಲುತ್ತಿತ್ತು. ಎದುರಿಗೆ ಸಾಲು, "ಬೇಗ ಹಾಕಣ್ಣ" ಎಂಬ ಗಲಾಟೆ. ಕಾರ್ಯದರ್ಶಿ ಎಂಟರ್ ಇನ್ನೆರಡು ಸಲ ಒತ್ತುತ್ತಿದ್ದರು. ಚೀಟಿ ಒಂದಲ್ಲ, ಮೂರು ಬರುತ್ತಿತ್ತು. "ಈ ಪ್ರಿಂಟರಿಗೆ ಹುಚ್ಚು" ಎಂದು ಎರಡನ್ನು ಹರಿದು ಮೇಜಿನ ಕೆಳಗಿನ ಬುಟ್ಟಿಗೆ ಹಾಕುತ್ತಿದ್ದರು. ಹುಚ್ಚು ಪ್ರಿಂಟರಿನದ್ದಲ್ಲ, ನಮ್ಮದು. ಚೀಟಿ ಹರಿದರೂ ಲೆಕ್ಕದಲ್ಲಿ ಹಾಲು ಮೂರು ಸಲ ಬರೆದಾಗಿತ್ತು.

ಆದದ್ದು ಹೀಗೆ. ನಾವು ಒತ್ತುವ ಕೀ, ಮಾಡುವ ಕ್ಲಿಕ್ ಎಲ್ಲಕ್ಕೂ ಇವೆಂಟ್ ಎನ್ನುತ್ತಾರೆ. ಅವು ಡೇರಿ ಮುಂದಿನ ಕ್ಯಾನುಗಳ ಹಾಗೆ ಸಾಲಿನಲ್ಲಿ ನಿಲ್ಲುತ್ತವೆ. ಅಳೆಯುವವನು ಒಳಗೆ ಟೀ ಕುಡಿಯಲು ಹೋದ ಮಾತ್ರಕ್ಕೆ ಕ್ಯಾನುಗಳು ಮನೆಗೆ ಹೋಗುವುದಿಲ್ಲವಲ್ಲ? ಬಂದ ಮೇಲೆ ಒಂದೊಂದಾಗಿ ತೆಗೆದುಕೊಳ್ಳುತ್ತಾನೆ. ನಮ್ಮ ಪ್ರೋಗ್ರಾಮಿನಲ್ಲಿ ಅಳೆಯುವವನೂ ಚೀಟಿ ಮುದ್ರಿಸುವವನೂ ಒಬ್ಬನೇ. ಮುದ್ರಿಸುವಾಗ ಬಿದ್ದ ಎಂಟರ್‌ಗಳು ಸಾಲಿನಲ್ಲಿ ಕಾದಿದ್ದು ಆಮೇಲೆ ಕೆಲಸ ಮಾಡುತ್ತಿದ್ದವು. ಉಳಿಸಿದ ಮೇಲೆ ಖಾನೆಗಳನ್ನು ಖಾಲಿ ಮಾಡಿದ್ದರೆ ಬಚಾವಾಗುತ್ತಿದ್ದೆವು. ಆದರೆ "ಕೊನೆಗೆ ಯಾರದ್ದು ಹಾಕಿದೆ ಅಂತ ಕಾಣ್ತಿರಲಿ" ಎಂದು ಕಾರ್ಯದರ್ಶಿ ಕೇಳಿದ್ದಕ್ಕೆ ಹಾಗೇ ಬಿಟ್ಟಿದ್ದೆವು.

ಅವತ್ತು ರಾತ್ರಿಯೇ ರಿಪೇರಿಗೆ ಕೂತೆವು. ಎಂಟರ್ ಒತ್ತಿದ ಕೂಡಲೇ ಬಟನ್‌ಗೆ ಬೀಗ, ಚೀಟಿ ಬಂದ ಮೇಲೆ ಬೀಗ ತೆಗಿ. ಇಷ್ಟೇ ತಾನೇ ಅಂದುಕೊಂಡೆವು. ಬೆಳಿಗ್ಗೆ ಹೋಗಿ ನೋಡಿದರೆ ಮತ್ತೆ ಮೂರು ಚೀಟಿ! ತಪ್ಪು ಎರಡಿತ್ತು. ಎಂಟರ್ ಕೀಯನ್ನು ಬಟನ್‌ಗಲ್ಲ, ಇಡೀ ಕಿಟಕಿಗೆ ಕಟ್ಟಿದ್ದೆವು. ಬಟನ್‌ಗೆ ಬೀಗ ಹಾಕಿದರೆ ಮೌಸ್ ಕ್ಲಿಕ್ ನಿಲ್ಲುತ್ತದೆ, ಎಂಟರ್ ನಿಲ್ಲುವುದಿಲ್ಲ. ಇನ್ನೊಂದು ಹೊಳೆಯಲು ಎರಡು ದಿನ ಬೇಕಾಯಿತು. ಸಾಲಿನಲ್ಲಿರುವ ಇವೆಂಟ್‌ಗಳ ಸರದಿ ಬರುವ ಹೊತ್ತಿಗೆ ಮುದ್ರಣ ಮುಗಿದು ನಾವೇ ಬೀಗ ತೆಗೆದಿರುತ್ತೇವೆ. ಕಳ್ಳ ಹೊರಗೆ ಕಾಯುತ್ತಿದ್ದಾನೆ, ನಾವು ಬಾಗಿಲು ತೆರೆದು ಒಳಗೆ ಕರೆಯುತ್ತಿದ್ದೇವೆ.

ಕೊನೆಗೆ ಮುದ್ರಿಸುವ ಕೆಲಸವನ್ನು ಬೇರೆ ಆಳಿಗೆ ಒಪ್ಪಿಸಿದೆವು, ಥ್ರೆಡ್ ಅನ್ನುತ್ತಾರೆ. ಈಗ ಕಿಟಕಿ ಮರಗಟ್ಟುವುದಿಲ್ಲ. ಚೀಟಿ ಬರುತ್ತಿರುವಾಗ ಎಂಟರ್ ಬಿದ್ದರೆ ಆಗಲೇ ತೆಗೆದುಕೊಂಡು, ಕೆಲಸ ಮುಗಿದಿಲ್ಲವೆಂದು ನೋಡಿ, ಎಸೆಯುತ್ತದೆ. ಒಂದೇ ಹೊತ್ತಿಗೆ ಒಂದೇ ನಂಬರ್ ಎರಡನೇ ಸಲ ಬಂದರೆ "ಮತ್ತೆ ಬರೆಯಲೇ?" ಎಂದು ಕೇಳುತ್ತದೆ. ಪೂರ್ತಿ ತಡೆಯುವ ಹಾಗಿರಲಿಲ್ಲ, ಕೆಲವರು ಎರಡು ಸಲ ಕ್ಯಾನ್ ತರುತ್ತಾರೆ. ಇಲ್ಲೂ ಒಂದು ಗುಂಡಿಯಿತ್ತು. ಇಂಥ ಪ್ರಶ್ನೆಗಳಲ್ಲಿ ಎಂಟರ್ ಒತ್ತಿದರೆ 'ಹೌದು' ಎಂದೇ ಆಗುತ್ತದೆ. ಅವಸರದ ಎಂಟರೇ ಹೋಗಿ ಉತ್ತರ ಕೊಟ್ಟುಬಿಡುತ್ತಿತ್ತು. 'ಬೇಡ' ಎನ್ನುವುದನ್ನು ಮುಂದಿಟ್ಟೆವು.

ನಿಮ್ಮ ಫೋನಿನಲ್ಲೂ ಇದೇ ಕಥೆ. ಆಂಡ್ರಾಯ್ಡ್‌ನಲ್ಲಿ ಮುಟ್ಟಿದ್ದಕ್ಕೆ 5 ಸೆಕೆಂಡ್ ಉತ್ತರ ಬರದಿದ್ದರೆ ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ, ಕಾಯುತ್ತೀರೋ ಮುಚ್ಚುತ್ತೀರೋ ಎಂದು ಕೇಳುವುದು ಇದಕ್ಕೇ. ಅರ್ಜಿ ಸಲ್ಲಿಸುವಾಗ ಬಟನ್ ಬೂದು ಬಣ್ಣಕ್ಕೆ ತಿರುಗಿದರೆ ಕೆಟ್ಟಿದೆ ಎಂದು ಬೈಯಬೇಡಿ. ಬರೆದವರು ಯಾರೋ ನಮಗಿಂತ ಬುದ್ಧಿವಂತರು.

ಆಡಳಿತ ಮಂಡಳಿ ಸಭೆಯಲ್ಲಿ ಬುಟ್ಟಿಯ ಚೀಟಿಗಳನ್ನು ಮೇಜಿನ ಮೇಲೆ ಸುರಿದು ತಪ್ಪು ನಮ್ಮದು ಎಂದೆವು. ಒಂದೇ ನಂಬರ್, ಒಂದೇ ಲೀಟರ್, ನಾಲ್ಕೈದು ಸೆಕೆಂಡ್ ಅಂತರ. ಹೀಗಿದ್ದ ಸಾಲುಗಳನ್ನೆಲ್ಲ ಕೂತು ತೆಗೆದೆವು. ಹೆಚ್ಚು ಹೋದ ದುಡ್ಡನ್ನು ಮುಂದಿನ ಬಟವಾಡೆಗಳಲ್ಲಿ ಸ್ವಲ್ಪ ಸ್ವಲ್ಪ ಹಿಡಿಯುವುದೆಂದಾಯಿತು. ಒಂದೇ ಹಸು ಇರುವ ಅಜ್ಜಿಯೊಬ್ಬರು ನಮ್ಮನ್ನು ನಿಲ್ಲಿಸಿ ಕೇಳಿದರು: "ನಾನೇನು ಎರಡೆರಡು ಸಲ ಕರ್ದೆ ಅಂದಿದ್ನೇನಪ್ಪ? ನೀವೇ ಬರ್ಕೊಂಡ್ರಿ, ನೀವೇ ಹಿಡ್ಕೋತೀರಿ." ಉತ್ತರ ಇರಲಿಲ್ಲ. ಅವರ ಬಾಕಿ ನಾವಿಬ್ಬರೂ ಕಟ್ಟಿದೆವು.

ಸುದ್ದಿ ಬರೆಯಲಿಲ್ಲ. ಫೋನ್ ಮಾಡಿದ್ದವರು, ದುಡ್ಡು ತಗೊಂಡು ಸುಮ್ಮನಾದರು ಎಂದು ನಮ್ಮ ಬಗ್ಗೆ ಈಗಲೂ ಹೇಳಿಕೊಂಡು ತಿರುಗುತ್ತಾರಂತೆ. ಕಾರ್ಯದರ್ಶಿ ಮಾತ್ರ ಕಂಪ್ಯೂಟರ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಾರೆ. ಎಂಟರ್ ಒತ್ತಿ, ಕೈ ತೆಗೆದು, ಅದರಲ್ಲೂ ಬರೆಯುತ್ತಾರೆ.