ಕೆಬೀಸನ ನೇಕಾರ, ನಮ್ಮ ನೇಕಾರ

ಧಾರವಾಡಕ್ಕೆ ನನಗೆ ವರ್ಗವಾದದ್ದು 2011ರ ಮೇ ತಿಂಗಳಲ್ಲಿ. ತುಮಕೂರು ಕಡೆಯವನಾದ ನನಗೆ ಅಲ್ಲಿನ ಮಾತು ಒಗ್ಗಲು ಒಂದು ತಿಂಗಳು ಬೇಕಾಯಿತು, ಅಲ್ಲಿನ ಮಳೆ ಒಗ್ಗಲು ಒಂದು ವರ್ಷ. ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೆಲಸ. ಮಾಳಮಡ್ಡಿಯಲ್ಲಿ ಬಾಡಿಗೆಗೆ ಹಿಡಿದ ಮನೆಯ ಎದುರಿಗೇ ಒಬ್ಬ ನಿವೃತ್ತ ಮಾಸ್ತರರಿದ್ದರು. ಜುಲೈ ತಿಂಗಳ ಒಂದು ಭಾನುವಾರ ಸಂಜೆ ಅವರ ಪಡಸಾಲೆಯಿಂದ ಜೋರು ಜೋರು ಮಾತು ಕೇಳಿಸಿತು. ಏನೋ ಜಗಳವಿರಬೇಕೆಂದು ಹೋಗಿ ಬಾಗಿಲಲ್ಲಿ ನಿಂತೆ. "ಬರ್ರಿ, ಒಳಗ ಬರ್ರಿ. ಜಗಳ ಅಲ್ಲ, ಪ್ಲೇಟೋ" ಎಂದರು ಮಾಸ್ತರರು.

ಒಳಗೆ ನಾಲ್ಕು ಜನ. ಮಾಸ್ತರರು, ಹಿಂದುಸ್ತಾನಿ ಗಾಯನದ ಪಾಠ ಹೇಳುತ್ತಿದ್ದ ಅಕ್ಕಾರು, ಸಿವಿಲ್ ಕೋರ್ಟಿನ ಒಬ್ಬ ವಕೀಲರು, ಮತ್ತು ಗುಳೇದಗುಡ್ಡದಿಂದ ಬಂದು ಊರಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಒಬ್ಬ ಕಾಕಾ. ಜನವರಿಯಿಂದ ಪ್ರತಿ ಭಾನುವಾರ ಐದು ಗಂಟೆಗೆ ಕೂತು 'ಫೀಡೋ' ಓದುತ್ತಿದ್ದರು. ಮಾಸ್ತರರು ಇಂಗ್ಲಿಷಿನಲ್ಲಿ ಒಂದು ಪುಟ ಓದಿ ಅಲ್ಲೇ ಬಾಯಿಮಾತಿನಲ್ಲಿ ಕನ್ನಡ ಮಾಡುತ್ತಿದ್ದರು. ಆಮೇಲೆ ಯಾರು ಬೇಕಾದರೂ ಮಾತಾಡಬಹುದು, ಆದರೆ ಓದಿದ ಪುಟ ಬಿಟ್ಟು ಹೊರಗೆ ಹೋಗಬಾರದು. ಧಾರವಾಡದಲ್ಲಿ ಇಂಥ ನಿಯಮ ಮಾಡುವುದು ಸುಲಭ, ನಡೆಸುವುದು ಕಷ್ಟ.

ಪುಟ ಅಂದರೆ ಅವರ ಲೆಕ್ಕವೇ ಬೇರೆ. 1578ರಲ್ಲಿ ಜಿನೀವಾದಲ್ಲಿ ಹೆನ್ರಿ ಎಸ್ತಿಯೆನ್ ಎಂಬ ಮುದ್ರಕ ಪ್ಲೇಟೋನ ಕೃತಿಗಳನ್ನು ಅಚ್ಚು ಹಾಕಿದ. ಆ ಪುಸ್ತಕದ ಪುಟಸಂಖ್ಯೆಗಳನ್ನೇ ಈಗಲೂ ಅನುವಾದಗಳ ಅಂಚಿನಲ್ಲಿ ಹಾಕುತ್ತಾರೆ. ಹಾಗಾಗಿ ಯಾರ ಕೈಯಲ್ಲಿ ಯಾವ ಪುಸ್ತಕವಿದ್ದರೂ ಜಾಗ ಸಿಗುತ್ತದೆ. 'ಫೀಡೋ' ಶುರುವಾಗುವುದು 57ನೇ ಪುಟಕ್ಕೆ, ಮುಗಿಯುವುದು 118ಕ್ಕೆ. ನಾನು ಹೋಗಿ ಕೂತಾಗ 82 ನಡೆದಿತ್ತು.

ಕಥೆ ಗೊತ್ತಿರುವುದೇ. ಕ್ರಿಸ್ತಪೂರ್ವ 399, ಅಥೆನ್ಸಿನ ಸೆರೆಮನೆ, ಸಾಕ್ರೆಟಿಸನ ಕೊನೆಯ ದಿನ. ಸೂರ್ಯ ಮುಳುಗಿದರೆ ವಿಷದ ಬಟ್ಟಲು. ಅಲ್ಲಿಯವರೆಗೆ ಗೆಳೆಯರೊಡನೆ ಒಂದೇ ಮಾತು: ದೇಹ ಸತ್ತ ಮೇಲೆ ಆತ್ಮ ಉಳಿಯುತ್ತದೆಯೇ? ಅಂದು ಅಲ್ಲೇ ಇದ್ದ ಫೀಡೋ ಮುಂದೊಂದು ದಿನ ಬೇರೆ ಊರಲ್ಲಿ ಕೂತು ಇದನ್ನೆಲ್ಲ ಹೇಳುತ್ತಾನೆ. ಬರೆದ ಪ್ಲೇಟೋ ಮಾತ್ರ ಅಲ್ಲಿರಲಿಲ್ಲ. ಅವನಿಗೆ ಮೈ ಹುಷಾರಿರಲಿಲ್ಲ ಅನಿಸುತ್ತದೆ ಎಂದು ಫೀಡೋನ ಬಾಯಲ್ಲೇ ಒಂದು ಮಾತು ಬರುತ್ತದೆ. ವಕೀಲರು ಇದನ್ನು ಹಿಡಿದು ಬಿಡುತ್ತಿರಲಿಲ್ಲ. "ಇದೆಲ್ಲಾ ಕೇಳಿ ಹೇಳಿದ ಸಾಕ್ಷಿ ಅದರೀ. ಬರದಾಂವ ಜಾಗಾದಾಗ ಇಲ್ಲ, ಹೇಳಾಂವ ದೋಸ್ತ. ನಮ್ಮ ಕೋರ್ಟಿನ್ಯಾಗ ಒಂದು ನಿಮಿಷ ನಿಲ್ಲಂಗಿಲ್ಲ" ಎಂದು ವಾರಕ್ಕೊಮ್ಮೆಯಾದರೂ ಹೇಳುವರು.

ನಿಜ ಹೇಳುತ್ತೇನೆ, ಮೊದಲೆರಡು ವಾರ ನಾನು ಅಲ್ಲಿ ತುಸು ಜಂಬದಲ್ಲೇ ಕೂತಿದ್ದೆ. ಬಿ.ಎ.ಯಲ್ಲಿ ಪಾಶ್ಚಾತ್ಯ ತತ್ವಶಾಸ್ತ್ರ ಓದಿದ್ದವನು ನಾನು. ಆತ್ಮ ಅಮರ ಅನ್ನಲು ಸಾಕ್ರೆಟಿಸ್ ಕೊಡುವ ಒಂದೊಂದು ವಾದದ ಹೆಸರೂ ಬಾಯಿಗೆ ಬರುತ್ತಿತ್ತು. ಕಾಕಾ ಏಳನೇ ಇಯತ್ತೆಗೆ ಶಾಲೆ ಬಿಟ್ಟವರು. ಕೈಕಟ್ಟಿ ಕಣ್ಣು ಮುಚ್ಚಿ ಕೂರುತ್ತಿದ್ದರು. ನಿದ್ದೆ ಮಾಡುತ್ತಾರೆ ಅಂದುಕೊಂಡಿದ್ದೆ.

ನಾನು ಹೇಳಬೇಕೆಂದಿರುವುದು ಶ್ರಾವಣದ ಒಂದು ಭಾನುವಾರದ ಮಾತು. ಬೆಳಗಿನಿಂದ ಹನಿ ಕಡಿದಿರಲಿಲ್ಲ. ನಾಲ್ಕಕ್ಕೇ ಕರೆಂಟು ಹೋಗಿತ್ತು. ಮಾಸ್ತರರು ಕಂದೀಲು ಹಚ್ಚಿ ನಡುವೆ ಇಟ್ಟರು. ಗಿರಮಿಟ್ಟು, ಚಹಾ ಆಯಿತು. "ಇವತ್ತ ಒಂದು ಪುಟ ಸಾಲಂಗಿಲ್ಲ. 85ರಿಂದ 88ರ ತನಕ ಒಮ್ಮೆಲೆ ಓದಬೇಕು. ಇಬ್ಬರು ಹುಡುಗರು ಮುದುಕನ ಎದುರು ನಿಂತಾರ" ಎಂದರು.

ಆ ಹುಡುಗರು ಥೀಬ್ಸಿನ ಸಿಮ್ಮಿಯಾಸ್ ಮತ್ತು ಕೆಬೀಸ್. ಸಾಯಲು ಹೊರಟವನ ಮುಂದೆ ಅವನ ವಾದ ಒಡೆಯುವುದು ಹೇಗೆ ಎಂದು ಇಬ್ಬರೂ ಪಿಸುಗುಡುತ್ತಿರುತ್ತಾರೆ. ಸಾಕ್ರೆಟಿಸನೇ ಅದನ್ನು ಕಂಡು, ಹೇಳಿರಪ್ಪ, ಸಂಕೋಚ ಬೇಡ ಅನ್ನುತ್ತಾನೆ. ಸಿಮ್ಮಿಯಾಸನ ತಕರಾರು ಒಂದು ತಂತಿವಾದ್ಯದ್ದು. ಶ್ರುತಿ ಕಣ್ಣಿಗೆ ಕಾಣದ್ದು, ಮುಟ್ಟಲಾಗದ್ದು, ಸುಂದರವಾದದ್ದು. ಮರ, ತಂತಿಗಳು ಮಣ್ಣಿನ ಪಾಲಾಗುವಂಥವು. ಹಾಗೆಂದು ವಾದ್ಯ ಒಡೆದ ಮೇಲೂ ಶ್ರುತಿ ಎಲ್ಲೋ ಉಳಿದಿರುತ್ತದೆ ಅನ್ನಲಾದೀತೇ? ಆತ್ಮವೂ ಹಾಗೇ ದೇಹದ ಶ್ರುತಿಯಾಗಿದ್ದರೆ?

"ಇದನ್ನ ನಮ್ಮ ಶರೀಫಜ್ಜ ಹೇಳ್ಯಾನಲ್ರೀ" ಎಂದು ವಕೀಲರು ತಂಬೂರಿಯ ಹಾಡನ್ನು ನೆನೆದರು. ಪುಟ ಬಿಟ್ಟು ಹೊರಗೆ ಹೋದ ತಪ್ಪಿಗೆ ಮಾಸ್ತರರು ಬೈಯಬೇಕಿತ್ತು, ಬೈಯಲಿಲ್ಲ. ಶಿಶುನಾಳ ಏನು ದೂರವಿಲ್ಲ. ಆ ಸೀಮೆಯಲ್ಲಿ ದೇಹವನ್ನು ತಂಬೂರಿ ಅಂದರೆ ಯಾರಿಗೂ ಟಿಪ್ಪಣಿ ಬೇಕಾಗುವುದಿಲ್ಲ.

ಅಕ್ಕಾರು ಮಾತ್ರ ಸಿಮ್ಮಿಯಾಸನಿಗೆ ಒಪ್ಪಲಿಲ್ಲ. "ಇಂವ ತಂಬೂರಿ ಕೂಡಿಸ್ಯಾನೋ ಇಲ್ಲೋ. ಈ ಮಳಿಯೊಳಗ ನಮ್ಮ ಮನಿಗೆ ಬಂದು ನೋಡ್ಲಿ. ಬುರುಡಿ ಥಂಡಿ ಹಿಡೀತದ, ಪಂಚಮ ಇಳೀತದ, ಜವಾರಿ ದಾರ ಅತ್ತಾಗೊಮ್ಮೆ ಇತ್ತಾಗೊಮ್ಮೆ ಸರಿಸಿ ಸರಿಸಿ ಬಟ್ಟು ನೋಯ್ತಾವ. ಎಳದು ಎಳದು ಸ್ವರಕ್ಕ ತರಬೇಕು. ಆದರ ಯಾವ ಸ್ವರಕ್ಕ ಅನ್ನೋದು ತಂಬೂರಿಗೆ ಗೊತ್ತಿರತದೇನು? ನನಗ ಗೊತ್ತಿರತದ. ಶ್ರುತಿ ಮೊದಲು, ತಂಬೂರಿ ಆಮ್ಯಾಲೆ."

"ನಿಮ್ಮ ಕಿವಿ ಹೋದ ಮ್ಯಾಲೆ?" ಎಂದರು ವಕೀಲರು.

"ನಮ್ಮ ಗುರುಗಳು ಹೋಗಿ ಮೂವತ್ತು ವರ್ಷ ಆತು. ಅವರು ಹಚ್ಚಿಕೊಟ್ಟ ಷಡ್ಜ ನನ್ನ ಹತ್ರ ಅದ."

"ಅಕ್ಕಾರ, ಅದಕ್ಕ ಆತ್ಮ ಅನ್ನಂಗಿಲ್ಲ. ಪಾಠ ಅಂತಾರ."

ಎಲ್ಲರೂ ನಕ್ಕರು, ಅಕ್ಕಾರೂ ನಕ್ಕರು. ಮುಂದೆ ಕೆಲವು ಪುಟ ಬಿಟ್ಟು ಸಾಕ್ರೆಟಿಸ್ ಇದಕ್ಕೆ ಕೊಡುವ ಉತ್ತರಗಳಲ್ಲಿ ಒಂದು ಹೀಗಿದೆ: ಶ್ರುತಿ ತಂತಿಗಳು ಹೇಳಿದಂತೆ ಕೇಳುತ್ತದೆ, ಎದುರು ಆಡುವುದಿಲ್ಲ; ಆತ್ಮವಾದರೋ ದೇಹಕ್ಕೆ ಬಾಯಾರಿದಾಗಲೂ ಬೇಡ ಅನ್ನಬಲ್ಲದು. ಆ ಪುಟ ಬಂದಾಗ ಅಕ್ಕಾರು, "ನಾ ಶ್ರಾವಣದಾಗ ಹೇಳಿದ್ದಕ್ಕ ಇದು ಹತ್ತಿರ ಬಂತು, ಆದ್ರ ಮುದುಕಗೂ ತಂಬೂರಿ ಗೊತ್ತಿಲ್ಲ" ಎಂದು ತೀರ್ಪು ಕೊಟ್ಟರು.

ಆಮೇಲೆ ಕೆಬೀಸ್. ಇವನದು ನೇಕಾರನ ದೃಷ್ಟಾಂತ. ಒಬ್ಬ ಮುದಿ ನೇಕಾರ ತಾನೇ ನೇದ ಎಷ್ಟೋ ಬಟ್ಟೆಗಳನ್ನು ಉಟ್ಟು ಹರಿದು ಮುಗಿಸಿರುತ್ತಾನೆ. ಬಟ್ಟೆಗಿಂತ ಮನುಷ್ಯ ಹೆಚ್ಚು ಬಾಳುತ್ತಾನೆ, ಸರಿ. ಆದರೆ ಅವನು ಸತ್ತ ದಿನ ಮೈಮೇಲಿದ್ದ ಆ ಕೊನೆಯ ಬಟ್ಟೆ ಅವನಿಗಿಂತ ಹೆಚ್ಚು ಬಾಳಿತಲ್ಲ! ಆತ್ಮವೂ ಹೀಗೇ ಎಷ್ಟೋ ದೇಹಗಳನ್ನು ಉಟ್ಟು ಸವೆಸಿ, ಕೊನೆಗೊಂದು ದೇಹದಲ್ಲಿ ತಾನೇ ಸವೆದು ಹೋಗುವುದಿಲ್ಲ ಅನ್ನಲು ಏನು ಆಧಾರ?

ನನಗೆ ಇದು ಪರೀಕ್ಷೆಗೆ ಓದಿದ್ದ ಪ್ರಶ್ನೆ. ಉತ್ತರ ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಕಾಕಾ ಕಣ್ಣು ಬಿಟ್ಟರು.

"ಈ ಕೆಬೀಸ ನೇಕಾರನ ಮನಿ ಹೊಸ್ತಿಲಾ ದಾಟಿಲ್ರಿ" ಎಂದರು. "ನೇಕಾರ ತಾ ನೇದದ್ದು ಯಾವಾಗ ಉಡತಾನ್ರಿ? ನಮ್ಮಪ್ಪ ನಲವತ್ತು ವರ್ಷ ಖಣ ನೇದ. ಗಂಡಸು ಖಣ ಉಡಾಕ ಬರತೈತೇನು? ಅಂವ ಉಟ್ಟದ್ದು ಗಿರಣಿ ಧೋತ್ರ. ನಮ್ಮವ್ವಗೂ ಆ ಖಣದ ಕುಬಸ ಇರಲಿಲ್ಲ. ನೇದದ್ದು ಸಾವಕಾರನ ಮನಿಗೆ ಹೋಗತಿತ್ತು. ಅಂದ ಮ್ಯಾಲ ಇಂವನ ಲೆಕ್ಕ ಬುಡಕ್ಕ ತಪ್ಪಿತು."

ವಕೀಲರಿಗೆ ಖುಷಿಯೋ ಖುಷಿ. "ಕಾಕಾ, ಅಂದ್ರ ಆತ್ಮ ದೇಹಾ ನೇಯತೈತಿ, ಉಡಾವ ಬ್ಯಾರೆದಾಂವ?"

ಕಾಕಾ ಅದಕ್ಕೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಕಂದೀಲಿನ ಕಡೆ ನೋಡಿ ಮುಂದುವರಿಸಿದರು. "ಕಡೀ ಬಟ್ಟಿ ಅಂತಾನಲ್ಲ, ಅದನ್ನ ನಾ ನೋಡೀನಿ. ನಮ್ಮಪ್ಪ ಹೋದಾಗ ಮಗ್ಗದ ಮ್ಯಾಲ ಹಾಸು ಹಂಗ ಇತ್ತು. ಅರ್ಧ ಆಗಿತ್ತು, ಅರ್ಧ ಉಳದಿತ್ತು. ದಿನಾ ಎಲ್ಲಾ ಮುಗದ ಮ್ಯಾಲ ನಮ್ಮಣ್ಣ ಕುಣ್ಯಾಗ ಇಳದ. ಅದ ಲಾಳಿ, ಅದ ಹಾಸು. ಹೊಕ್ಕು ಹಾಕ್ಕೋತ ಹೋದ. ಎಲ್ಲಿಗೆ ಅಪ್ಪಂದು ಮುಗೀತು, ಎಲ್ಲಿಂದ ಅಣ್ಣಂದು ಸುರು ಆತು ನಮ್ಮವ್ವಗ ಬಟ್ಟು ಆಡಿಸಿದ್ರ ತಿಳೀತಿತ್ತು. ಏಟು ಬ್ಯಾರೆ ಬೀಳತೈತ್ರಿ, ಒಬ್ಬೊಬ್ಬರ ಕೈದು ಒಂದೊಂದು. ಸಾವಕಾರಗ ತಿಳೀಲಿಲ್ಲ. ಪೂರ್ತಿ ರೊಕ್ಕ ಕೊಟ್ಟ."

ಯಾರೂ ಮಾತಾಡಲಿಲ್ಲ. ವಕೀಲರು ಕೂಡ. ನೇಕಾರನೊಬ್ಬ ತತ್ವ ಮಾತಾಡುವುದು ಕನ್ನಡಕ್ಕೆ ಹೊಸದಲ್ಲ, ಜೇಡರ ದಾಸಿಮಯ್ಯನ ಕಾಲದಿಂದಲೂ ಇದೆ. ಆದರೆ ಪುಸ್ತಕದೊಳಗಿನ ನೇಕಾರನನ್ನು ಮಗ್ಗದ ಮನೆಯವನೊಬ್ಬ ಎಳೆದು ತಂದು ವಿಚಾರಿಸಿಕೊಂಡದ್ದನ್ನು ನಾನು ಕಂಡದ್ದು ಅಂದೇ. ನನ್ನ ಪರೀಕ್ಷೆಯ ಉತ್ತರ ಬಾಯಲ್ಲೇ ಉಳಿಯಿತು. ಹೇಳಿದ್ದರೂ ಅದು ಕೆಬೀಸನಿಗೆ ಉತ್ತರವಾಗುತ್ತಿತ್ತೇ ಹೊರತು ಕಾಕಾನಿಗಲ್ಲ.

ಮಜವೆಂದರೆ ಪುಸ್ತಕದಲ್ಲೂ ಅಲ್ಲಿಗೆ ಎಲ್ಲರೂ ಸುಮ್ಮನಾಗುತ್ತಾರೆ. ಅಷ್ಟು ಹೊತ್ತು ಆತ್ಮ ಉಳಿಯುತ್ತದೆ ಎಂದು ನಂಬಿ ಕೂತವರಿಗೆ ಒಮ್ಮೆಲೇ ಕಾಲ ಕೆಳಗಿನ ನೆಲ ಕುಸಿದಂತಾಗುತ್ತದೆ. ಮಾಸ್ತರರು ಅದನ್ನು ಓದಿ ಮುಗಿಸುವ ಹೊತ್ತಿಗೆ ವಕೀಲರಿಗೆ ಮತ್ತೆ ಉಸಿರು ಬಂದಿತ್ತು. "ಹಂಗಾದ್ರ ಇಲ್ಲಿಗೆ ಬಿಟ್ಟಬಿಡೂಣ" ಎಂದರು. "ಏಳು ತಿಂಗಳಾತು. ಒಂದು ವಾದ ನಿಂತಿಲ್ಲ. ಎರಡು ಸಾವಿರದ ನಾಲ್ಕುನೂರು ವರ್ಷದಾಗ ನಿಲ್ಲದ್ದು ಮಾಳಮಡ್ಡ್ಯಾಗ ನಿಲ್ಲತದೇನು? ಆತ್ಮ ಅದ ಅಂತ ಯಾರೂ ತೋರ್ಸಿಲ್ಲ, ಇಲ್ಲ ಅಂತನೂ ಯಾರೂ ತೋರ್ಸಿಲ್ಲ. ಈ ಮಾತೆಲ್ಲಾ ಟೈಂಪಾಸು."

ಮಾಸ್ತರರು ನಿಂಬಾಳದ ಗುರುದೇವ ರಾನಡೆಯವರ ಪರಂಪರೆಯವರು, ದಿನಾ ನೇಮ ಮಾಡುವವರು. ರಾನಡೆಯವರು ಉಪನಿಷತ್ತಿನಷ್ಟೇ ಪ್ರೀತಿಯಿಂದ ಗ್ರೀಕರನ್ನೂ ಓದಿದವರು ಎಂದು ಆಗಾಗ ಹೇಳುತ್ತಿದ್ದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನಿಮ್ಮ ಒಬ್ಬ ಸಾಕ್ಷಿ ಉಲ್ಟಾ ಹೊಡದ ಅಂತ ಕೋರ್ಟಿಗೆ ಬೀಗಾ ಹಾಕ್ತೀರೇನು ವಕೀಲ್ರ?" ಎಂದರು. ವಕೀಲರ ಮುಖ ಕಪ್ಪಿಟ್ಟಿತು. ಕೊಡೆ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ಮಳೆಯಲ್ಲೇ ಹೋದರು.

ಮುಂದಿನ ಭಾನುವಾರ 89ನೇ ಪುಟ. ವಕೀಲರ ಕುರ್ಚಿ ಖಾಲಿ. ಸಾಕ್ರೆಟಿಸ್ ಮಂಚದ ಮೇಲೆ, ಫೀಡೋ ಅವನ ಪಕ್ಕ ಗಿಡ್ಡ ಪೀಠದ ಮೇಲೆ ಕೂತಿರುತ್ತಾನೆ. ಮುದುಕ ಆ ಹುಡುಗನ ತಲೆ ಸವರಿ, ಹೆರಳಿನೊಡನೆ ಆಡುತ್ತ, ನಾಳೆ ಈ ಕೂದಲು ಕತ್ತರಿಸುತ್ತೀಯೇನೋ ಅನ್ನುತ್ತಾನೆ. ಸಾವಿನ ಮನೆಯಲ್ಲಿ ಕೂದಲು ತೆಗೆಸುವುದು ಅವರಲ್ಲೂ ಇತ್ತು. ನಂತರ ಅವನು ಎಚ್ಚರಿಸುವುದು ಒಂದು ರೋಗದ ಬಗ್ಗೆ. ಜನರನ್ನು ಕುರುಡಾಗಿ ನಂಬಿ ಮೋಸಹೋದವನು ಕೊನೆಗೆ ಮನುಷ್ಯರನ್ನೇ ದ್ವೇಷಿಸುತ್ತಾನೆ. ಹಾಗೇ ವಾದಗಳನ್ನು ನಂಬಿ ಮೋಸಹೋದವನು ಮಾತನ್ನೇ ದ್ವೇಷಿಸತೊಡಗುತ್ತಾನೆ, ತನ್ನ ಅರೆತಿಳಿವನ್ನು ಮಾತ್ರ ದೂರುವುದಿಲ್ಲ. ಮಾಸ್ತರರು ಸಿಟ್ಟಿನಲ್ಲಿ ಅಂದದ್ದು ಈ ಪುಟದ್ದೇ ಮಾತು. ಅವರು ಪುಸ್ತಕ ಮಡಿಚಿದರು. "ನಾ ಮುಂದಿನ ಪುಟ ಓದಿಕೊಂಡು ಬಂದು ಅವರಿಗೆ ಬೈದೆ. ಅದು ಮೋಸ. ಅಂವ ಹುಡುಗನ ತಲಿ ಸವರಿ ಹೇಳಿದ, ನಾ ಒದರಿದೆ" ಎಂದರು. ಅಂದೇ ರಾತ್ರಿ ವಕೀಲರ ಮನೆಗೆ ಹೋಗಿ ಬಂದರೆಂದು ಆಮೇಲೆ ತಿಳಿಯಿತು. ಅಲ್ಲಿ ಏನು ಮಾತಾಯಿತೋ ಇಬ್ಬರೂ ಹೇಳಲಿಲ್ಲ. ವಕೀಲರು ಎರಡು ವಾರ ಬಿಟ್ಟು ಬಂದರು, ಹತ್ತು ನಿಮಿಷ ತಡವಾಗಿ.

ಉಳಿದ ಪುಟಗಳನ್ನು ಬೇಗ ಹೇಳಿಬಿಡುತ್ತೇನೆ. ಕೆಬೀಸನಿಗೆ ಸಾಕ್ರೆಟಿಸ್ ಕೊಡುವ ಉತ್ತರ ಬಹಳ ದೂರ ಸುತ್ತುತ್ತದೆ. ಹಿಮ ಬೆಂಕಿಯನ್ನು ತಾಳದು, ಮೂರು ಎಂದೂ ಸಮಸಂಖ್ಯೆಯಾಗದು, ಹಾಗೇ ಜೀವ ತರುವ ಆತ್ಮ ಸಾವನ್ನು ಒಳಗೆ ಬಿಟ್ಟುಕೊಳ್ಳದು. ನಮಗೆ ನಾಲ್ಕು ತಿಂಗಳು ಹಿಡಿಯಿತು. ನನಗೆ ಈಗಲೂ ಅದು ಗೆದ್ದ ವಾದ ಅನಿಸಿಲ್ಲ, ಕಾಕಾನಿಗಂತೂ ಅನಿಸಲೇ ಇಲ್ಲ.

118ನೇ ಪುಟಕ್ಕೆ ಬಂದಾಗ 2012ರ ಯುಗಾದಿ ಹತ್ತಿರವಿತ್ತು. ವಿಷ ಕಾಲಿನಿಂದ ಮೇಲಕ್ಕೆ ಏರುತ್ತಿದೆ. ಸಾಕ್ರೆಟಿಸ್ ಮುಖದ ಮುಸುಕು ತೆಗೆದು ಗೆಳೆಯ ಕ್ರಿಟೋನಿಗೆ ಹೇಳುವ ಕೊನೆಯ ಮಾತು, ವೈದ್ಯದೇವತೆ ಅಸ್ಕ್ಲೀಪಿಯಸನಿಗೆ ಸಲ್ಲಬೇಕಾದ ಒಂದು ಹುಂಜದ ಬಾಕಿಯದ್ದು. ಮಾಸ್ತರರ ಹಳೆಯ ಜೊವೆಟ್ ಅನುವಾದದಲ್ಲಿ ಆ ಸಾಲ ಸಾಕ್ರೆಟಿಸನೊಬ್ಬನದು. ಅಕ್ಕಾರ ಕೈಯಲ್ಲಿದ್ದ ಬೇರೆ ಅನುವಾದದಲ್ಲಿ 'ನಾವು' ಎಂದಿತ್ತು. ಗ್ರೀಕಿನಲ್ಲೂ ಬಹುವಚನವೇ. ಸಾವೆಂದರೆ ವಾಸಿಯಾಗುವುದು, ಅದಕ್ಕೇ ವೈದ್ಯನಿಗೆ ಹರಕೆ ಅನ್ನುವವರಿದ್ದಾರೆ. ಅತ್ತ ಮೈ ಹುಷಾರಿಲ್ಲದೆ ಮಲಗಿದ್ದ ಪ್ಲೇಟೋ ಚೇತರಿಸಿಕೊಂಡದ್ದಕ್ಕೆ ಆ ಹರಕೆ ಅನ್ನುವ ವಿದ್ವಾಂಸರೂ ಇದ್ದಾರೆ. ಇದನ್ನು ಕೇಳಿ ವಕೀಲರು ಎದ್ದು ನಿಂತುಬಿಟ್ಟರು: "ನೋಡ್ರಿ, ಗೈರುಹಾಜರಾದ ಸಾಕ್ಷಿ ಕಡೀಕ ಸಿಕ್ಕ!"

ಆಗ ಕಾಕಾ ನನ್ನ ಕಡೆ ತಿರುಗಿದರು. "ಸಾಲದ ಮಾತು ಬಂತಲ್ರಿ, ಬ್ಯಾಂಕಿನ ಸಾಹೇಬ್ರು ಹೇಳ್ಲಿ. ನಾನು ಅಂದ್ರೇನು, ನಾವು ಅಂದ್ರೇನು?"

ಒಂಬತ್ತು ತಿಂಗಳಲ್ಲಿ ಆ ಪಡಸಾಲೆಯಲ್ಲಿ ನನ್ನ ಕಸುಬಿಗೆ ಬಂದ ಮೊದಲ ಪ್ರಶ್ನೆ ಅದು. 'ನಾವು' ಅಂದರೆ ಜಂಟಿ ಸಾಲ, ಒಬ್ಬ ಸಾಲಗಾರ ತೀರಿಕೊಂಡರೂ ಪೂರಾ ಬಾಕಿ ಉಳಿದವರ ಮೇಲೆ ನಿಲ್ಲುತ್ತದೆ ಎಂದೆ. ಸಾಯುವಾಗ ತಾನಾಗಿ ಬಾಕಿ ನೆನಪಿಸಿದ ಸಾಲಗಾರನನ್ನು ನಾನಿನ್ನೂ ಕಂಡಿಲ್ಲ ಎಂದೂ ಸೇರಿಸಿದೆ. ಕಾಕಾ ತಲೆಯಾಡಿಸಿ, "ಇದು ಬರೋಬ್ಬರಿ" ಎಂದು ಮತ್ತೆ ಕಣ್ಣು ಮುಚ್ಚಿದರು.

ಮರುವರ್ಷ ನನಗೆ ಶಿರಸಿಗೆ ವರ್ಗವಾಯಿತು. ಅವರು ಪ್ಲೇಟೋನದೇ 'ಮೆನೋ' ಹಿಡಿದರಂತೆ. ವಕೀಲರು ಈಗಲೂ ಹತ್ತು ನಿಮಿಷ ತಡವಾಗಿಯೇ ಬರುತ್ತಾರಂತೆ.