ಬೇಕರ್ ಅಜ್ಜನ ಇಟ್ಟಿಗೆ ಗೋಡೆ

ಟೆಕ್ನೋಪಾರ್ಕಿನ ಪ್ರಾಜೆಕ್ಟೊಂದರ ನೆಪದಲ್ಲಿ ಒಂದು ವರ್ಷ ತಿರುವನಂತಪುರದಲ್ಲಿದ್ದೆ. ಊರಿಗೆ ಹೊರಟಾಗಲೆಲ್ಲ ತಂಬಾನೂರು ರೈಲ್ವೆ ಸ್ಟೇಷನ್ ಹತ್ತಿರದ ಇಂಡಿಯನ್ ಕಾಫಿ ಹೌಸಿಗೆ ಹಾಜರಿ ಹಾಕಿಯೇ ರೈಲು ಹತ್ತುತ್ತಿದ್ದುದು. ಅಲ್ಲಿನ ಬೀಟ್‌ರೂಟ್ ಪಲ್ಯದ ಮಸಾಲೆ ದೋಸೆಗೆ ನಾನು ಕೊನೆಯವರೆಗೂ ಒಗ್ಗಲಿಲ್ಲ, ಆದರೆ ಕಟ್ಟಡಕ್ಕೆ ಮಾತ್ರ ಮೊದಲ ದಿನವೇ ಮನಸೋತಿದ್ದೆ. ಹೊರಗಿನಿಂದ ಕೆಂಪನೆಯ ದುಂಡು ಗೋಪುರ. ಒಳಗೆ ಶಂಖದೊಳಗೆ ನಡೆದ ಹಾಗೆ ಸುತ್ತುತ್ತಾ ಏರುವ ಇಳಿಜಾರು, ಅದರುದ್ದಕ್ಕೂ ಗೋಡೆಗೆ ಸೇರಿಸಿ ಕಟ್ಟಿದ ಮೇಜು-ಬೆಂಚುಗಳು. ನಡುನಡುವೆ ಇಟ್ಟಿಗೆ ಬಿಟ್ಟು ಮಾಡಿದ ಜಾಲಿಯಿಂದ ಗಾಳಿ, ಬೆಳಕು. ಕಾಫಿ ಲೋಟ ಜಾರಿ ಕೆಳಗೆ ಹೋಗಲ್ವಾ ಅಂತ ನಿಮಗೂ ಅನ್ನಿಸಬಹುದು. ಇಲ್ಲ, ನೆಲವಷ್ಟೇ ಏರುತ್ತದೆ, ಮೇಜು ಸಮತಟ್ಟಾಗಿದೆ :-)

ಇದನ್ನು ಕಟ್ಟಿದವರು ಲಾರಿ ಬೇಕರ್. ನಾನು ಅವರನ್ನು ನೋಡಿದವನಲ್ಲ. 2007ರ ಏಪ್ರಿಲ್ 1ರಂದು, ತಮ್ಮ ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ಆದರೂ ಓದುತ್ತಾ ಓದುತ್ತಾ ನಮ್ಮನೆ ಅಜ್ಜನೇ ಅನ್ನಿಸಿಬಿಟ್ಟಿದ್ದಾರೆ.

ಹುಟ್ಟಿದ್ದು 1917ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಓದಿದ್ದು ಆರ್ಕಿಟೆಕ್ಚರ್. ಎರಡನೇ ಮಹಾಯುದ್ಧದಲ್ಲಿ ಕೋವಿ ಹಿಡಿಯಲು ಒಪ್ಪದೆ ಆಂಬ್ಯುಲೆನ್ಸ್ ತಂಡ ಸೇರಿ ಚೀನಾಕ್ಕೆ ಹೋದರು, ಅಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದರು. ವಾಪಸ್ಸು ಹೋಗಲು ಮುಂಬಯಿಯಲ್ಲಿ ಹಡಗು ಕಾಯುತ್ತಿದ್ದಾಗ ಗಾಂಧೀಜಿಯ ಪರಿಚಯವಾಯಿತು. ಮನೆಗೆ ಬೇಕಾದ ಸಾಮಾನು ಐದು ಮೈಲಿಯೊಳಗೇ ಸಿಗುವಂತಿರಬೇಕು ಎಂಬ ಗಾಂಧೀಜಿಯ ಮಾತು ಅವರ ತಲೆಯಲ್ಲಿ ಕೂತಿತು. 1945ರಲ್ಲಿ ಮತ್ತೆ ಭಾರತಕ್ಕೆ ಬಂದರು. 1948ರಲ್ಲಿ ಕೇರಳದ ಡಾಕ್ಟರ್ ಎಲಿಜಬೆತ್ ಅವರನ್ನು ಮದುವೆಯಾದರು.

ನನಗೆ ತುಂಬಾ ಇಷ್ಟವಾಗುವ ಕತೆ ಇದರ ನಂತರದ್ದು. ಹೊಸ ದಂಪತಿ ಸುತ್ತಾಡಲೆಂದು ಹಿಮಾಲಯದ ಪಿಥೋರಾಗಢಕ್ಕೆ ಹೋದರು. ಬಂದವಳು ಡಾಕ್ಟರ್ ಅಂತ ಹಳ್ಳಿಯವರಿಗೆ ಗೊತ್ತಾಯಿತು, ಒಬ್ಬೊಬ್ಬರೇ ರೋಗಿಗಳು ಬರತೊಡಗಿದರು. ಹಾಗೆ ಹೋದವರು ಅಲ್ಲಿ ಹದಿನಾರು ವರ್ಷ ಉಳಿದರು! ಹೆಂಡತಿ ಮದ್ದು ಕೊಡುವುದು, ಗಂಡ ಆಸ್ಪತ್ರೆ ಕಟ್ಟುವುದು. ಬರ್ಮಿಂಗ್‌ಹ್ಯಾಮಿನ ಪುಸ್ತಕದಲ್ಲಿ ಮಣ್ಣು, ಸಗಣಿ, ಗೆದ್ದಲು, ಮುಂಗಾರು ಇವೆಲ್ಲ ಎಲ್ಲಿರಬೇಕು? ಊರಿನ ಕಲ್ಲುಕುಟಿಗರನ್ನು ನೋಡಿ ಮೊದಲಿನಿಂದ ಕಲಿತರು. 1963ರಲ್ಲಿ ಕೇರಳದ ವಾಗಮಣ್‌ಗೆ ಬಂದು, ಆಮೇಲೆ ತಿರುವನಂತಪುರದಲ್ಲಿ ನೆಲೆ ನಿಂತರು. ನಮಗೆಲ್ಲ ಗೊತ್ತಿರುವ ಬೇಕರ್ ತಯಾರಾಗಿದ್ದು ಹೆಂಡತಿಯ ಕೆಲಸ ಎಲ್ಲಿತ್ತೋ ಅಲ್ಲಿ ನಿಂತದ್ದರಿಂದ ಅಂತ ನನ್ನ ನಂಬಿಕೆ.

ಅವರ ಲೆಕ್ಕಾಚಾರ ನೋಡಿ. ಇಟ್ಟಿಗೆಯನ್ನು ಮಲಗಿಸುವ ಬದಲು ಮಗ್ಗುಲಾಗಿ ನಿಲ್ಲಿಸಿ ಕಟ್ಟಿದರೆ ಗೋಡೆಯೊಳಗೆ ಟೊಳ್ಳು ಉಳಿಯುತ್ತದೆ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿತಾಯ, ಒಳಗೆ ಬಿಸಿಲಿನ ಝಳವೂ ಕಮ್ಮಿ. ಇದೇ ರ್‍ಯಾಟ್ ಟ್ರ್ಯಾಪ್ ಬಾಂಡ್. ಆರ್‌ಸಿಸಿ ಚಾವಣಿಯ ಕೆಳಭಾಗದ ಕಾಂಕ್ರೀಟು ಹೆಚ್ಚೇನೂ ಭಾರ ಹೊರುವುದಿಲ್ಲ, ಅಲ್ಲಿ ಸರಳುಗಳ ನಡುವೆ ಹಳೇ ಮಂಗಳೂರು ಹೆಂಚು ಕೂರಿಸಿ ಸಿಮೆಂಟು ಉಳಿಸಿದರು. ಆಫೀಸು ಅಂತ ಇರಲಿಲ್ಲ, ಖಾಲಿ ಲಕೋಟೆಯ ಹಿಂಬದಿಯೇ ಡ್ರಾಯಿಂಗ್ ಶೀಟು. ಸೈಟಿನಲ್ಲಿ ಮೇಸ್ತ್ರಿಗಳ ಜೊತೆಗೇ ನಿಂತು ಕಟ್ಟಿಸುತ್ತಿದ್ದರು. ಇಟ್ಟಿಗೆ ಚೆನ್ನಾಗಿರುವಾಗ ಅದರ ಮೇಲೆ ಗಿಲಾವು ಯಾಕೆ ಅನ್ನುವುದು ಅವರ ವಾದ.

ಈ ವಾದವನ್ನು ನಾನು ಮನೆಗೂ ತಂದೆ. ಅಪ್ಪ ರಿಟೈರಾಗಿ ಬಂದ ಪಿಎಫ್ ದುಡ್ಡಲ್ಲಿ ಊರಲ್ಲಿ ಮನೆ ಕಟ್ಟಿಸಲು ಹೊರಟಿದ್ದಾರೆ. ಕಂಟ್ರಾಕ್ಟರ್ ಕೊಟ್ಟ ಎಸ್ಟಿಮೇಟ್ ನೋಡಿದರೆ ಮನೆ ಮುಗಿಯುವಷ್ಟರಲ್ಲಿ ದುಡ್ಡೂ ಮುಗಿಯುತ್ತದೆ. ಗಿಲಾವು ಬೇಡ ಅಂದೆ. ಅಮ್ಮ ತಕ್ಷಣ, "ಗಿಲಾವು ಮಾಡ್ದೇ ಇದ್ರೆ ದುಡ್ಡು ಸಾಲ್ದೆ ಅರ್ಧಕ್ಕೇ ನಿಲ್ಸಿದಾರೆ ಅಂತಾರೆ ಕಣೋ ಜನ" ಅಂದಳು. ಅಮ್ಮನ ಮಾತನ್ನು ಸುಮ್ಮನೆ ತಳ್ಳಿಹಾಕಲಾಗಲ್ಲ. ಮೂವತ್ತು ವರ್ಷ ಬಾಡಿಗೆ ಮನೆಯಲ್ಲಿದ್ದವಳು ಅವಳು.

ಮನೆಯಲ್ಲಿ ಇರುವವರನ್ನು ಕೂರಿಸಿಕೊಂಡು, ಅವರು ಹೇಗೆ ಬದುಕುತ್ತಾರೆ ಅಂತ ಕೇಳಿ ತಿಳಿದ ಮೇಲೇ ಬೇಕರ್ ಗೆರೆ ಎಳೆಯುತ್ತಿದ್ದುದು. ಅಪ್ಪನಿಗೆ ಇದನ್ನು ಹೇಳಿದೆ. ಅಪ್ಪ ಅಡಿಗೆಮನೆ ಬಾಗಿಲಲ್ಲಿ ನಿಂತು, "ನಿಂಗೇನು ಬೇಕೇ?" ಅಂದರು. ಅಮ್ಮ ಕೇಳಿದ್ದು ಒಂದೇ. ಹಿತ್ತಿಲ ಬಾಗಿಲಲ್ಲಿ ಬೆಳಗಿನ ಬಿಸಿಲು ಬೀಳುವ ಒಂದು ಕಟ್ಟೆ, ಅಕ್ಕಿ ಆರಿಸುತ್ತಾ ಪಕ್ಕದ ಮನೆಯವರ ಜೊತೆ ಮಾತಾಡಲಿಕ್ಕೆ. ಕಂಟ್ರಾಕ್ಟರನ ಪ್ಲಾನಿನಲ್ಲಿ ಅಲ್ಲಿ ಇನ್ನೊಂದು ಅಟ್ಯಾಚ್ಡ್ ಬಾತ್‌ರೂಮ್ ಇತ್ತು. ಈಗ ಅದು ಹೋಗಿ ಕಟ್ಟೆ ಬಂದಿದೆ, ಖರ್ಚೂ ಇಳಿದಿದೆ. ಹೊರಗೋಡೆಗೆ ಗಿಲಾವು ಆಗೇ ಆಗುತ್ತೆ ಬಿಡಿ, ಅಮ್ಮನ ಮುಂದೆ ನಮ್ಮದೇನೂ ನಡೆಯಲ್ಲ :-)

ಬೇಕರ್‌ಗೆ ಭಾರತದ ಪೌರತ್ವ ಸಿಕ್ಕಿತು, 1990ರಲ್ಲಿ ಪದ್ಮಶ್ರೀ ಬಂತು. ಆದರೆ ಅವರ ಬಗ್ಗೆ ಯೋಚಿಸಿದಾಗಲೆಲ್ಲ ನನ್ನ ಕಣ್ಣಮುಂದೆ ಬರುವುದು ನಾಲಾಂಚಿರದ ಕಲ್ಲುಗುಡ್ಡದ ಇಳಿಜಾರಿನಲ್ಲಿ ತಮಗೂ ಎಲಿಜಬೆತ್‌ಗೂ ಮಕ್ಕಳಿಗೂ ಅಂತ ಕಟ್ಟಿಕೊಂಡ 'ಹ್ಯಾಮ್ಲೆಟ್' ಮನೆ. ಹಳೇ ಮರ, ಹಳೇ ಹೆಂಚು, ಒಡೆದ ಚೂರುಗಳನ್ನೆಲ್ಲ ಸೇರಿಸಿ, ಬೇಕು ಬೇಕಾದಾಗ ಒಂದೊಂದೇ ಮೂಲೆ ಹೆಚ್ಚಿಸುತ್ತಾ ಹೋದರಂತೆ.

ತಿರುವನಂತಪುರಕ್ಕೆ ಹೋದರೆ ಆ ಕಾಫಿ ಹೌಸಿಗೆ ತಪ್ಪದೆ ಹೋಗಿ. ಮತ್ತೆ, ನಿಮ್ಮ ಮನೆಯಲ್ಲೂ ಯಾರಾದರೂ ಪ್ಲಾನ್ ಹಾಕಿಸುತ್ತಿದ್ದರೆ, ಅಮ್ಮನ ಕಟ್ಟೆ ಎಲ್ಲಿದೆ ಅಂತ ಒಮ್ಮೆ ನೋಡಿ.