ಚೀನದಲ್ಲಿ ಸಂಸಾರ ಹೂಡುವವರಿಗೆ ಎಷ್ಟು ಭಾಷೆ ಬೇಕು?

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ದೂರದೇಶಗಳಲ್ಲಿ ಮನೆಮಾಡಿಕೊಂಡಿರುತ್ತಾರೆ. ಅವರೊಳಗೆ ಚೀನಕ್ಕೆ ಹೊರಟು ನಿಂತ ಕೆಲವರು, ಅಲ್ಲಿಯ ಭಾಷೆಯನ್ನು ಎಷ್ಟರಮಟ್ಟಿಗೆ ಕಲಿತರೆ ಸಾಕೆಂದು ನಮ್ಮನ್ನು ಕೇಳುವದುಂಟು. ಯಜಮಾನರ ಉದ್ಯೋಗದ ನಿಮಿತ್ತ ನಾವು ಕೆಲವು ವರ್ಷ ಸೂಜೌ ನಗರದಲ್ಲಿ ವಾಸಿಸಿದವರಾದುದರಿಂದ, ನಮಗೆ ಅನುಭವದಿಂದ ತಿಳಿದಷ್ಟನ್ನು ಇಲ್ಲಿ ಅರಿಕೆಮಾಡುತ್ತೇವೆ.

ಈ ವಿಷಯದಲ್ಲಿ ಎರಡು ಅಭಿಪ್ರಾಯಗಳುಂಟು. ಒಂದಕ್ಷರವೂ ಬೇಡವೆಂಬುದು ಮೊದಲನೆಯದು. ಸೂಜೌವಿನಲ್ಲಿ 1994ರಲ್ಲಿ ಸಿಂಗಪುರದ ಸಹಕಾರದಿಂದ ಸ್ಥಾಪಿತವಾದ ಕೈಗಾರಿಕಾ ಬಡಾವಣೆಯಲ್ಲಿ ಪರದೇಶದವರು ಬಹಳವಾಗಿರುವರು. ಕೈಯಲ್ಲಿರುವ ಫೋನು ಮಾತನ್ನು ಭಾಷಾಂತರಿಸುವದು. ಅಲಿಪೇ, ವೀಚಾಟ್‌ಗಳಿಗೆ ಪರದೇಶದ ಬ್ಯಾಂಕಿನ ಕಾರ್ಡನ್ನು ಜೋಡಿಸುವ ಅನುಕೂಲವು 2023ರಲ್ಲಿ ಹೆಚ್ಚಿದ ಮೇಲಂತೂ ಬಾಯಿ ತೆರೆಯದೆಯೇ ಪೇಟೆ ಮಾಡಿಬರಬಹುದು. ಲಿಪಿ ಸಹಿತ ಪೂರ್ಣವಾಗಿ ಕಲಿಯದೆ ಮಾತಾಡಲೇಬಾರದೆಂಬುದು ಎರಡನೆಯದು. ಇವೆರಡೂ ಸಂಸಾರಸ್ಥರಿಗೆ ಒಪ್ಪುವಂಥವಲ್ಲವೆಂದು ನಮ್ಮ ಮತ.

ಕಲಿಯಲಾರೆವೆಂಬ ಭಯವು ಕನ್ನಡಿಗರಿಗೆ ಸಲ್ಲದು. ಪುಥೊಂಗ್‌ಹ್ವಾ ಎಂಬ ಆ ಸಾಮಾನ್ಯ ಭಾಷೆಯಲ್ಲಿ ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷಗಳ ಪ್ರತ್ಯಯಗಳಿಲ್ಲ. ಕಷ್ಟವೆಲ್ಲ ಸ್ವರದ ಏರಿಳಿತದಲ್ಲಿರುವದು. 'ಮಾ' ಎಂಬ ಒಂದೇ ಉಚ್ಚಾರವು ನಾಲ್ಕು ಸ್ವರಗಳಲ್ಲಿ ಕ್ರಮವಾಗಿ ತಾಯಿ, ಸೆಣಬು, ಕುದುರೆ, ಬೈಯುವದು ಎಂಬ ನಾಲ್ಕು ಅರ್ಥಗಳನ್ನು ಕೊಡುವದು. ಆದರೆ 1958ರಲ್ಲಿ ಅಂಗೀಕೃತವಾದ ರೋಮನ್ ಬರವಣಿಗೆಯಲ್ಲಿ 'ಬಿ' ಎಂದು ಬರೆಯುವ ಧ್ವನಿಯು ನಮ್ಮ ಪಕಾರಕ್ಕೂ, 'ಪಿ' ಎಂದು ಬರೆಯುವದು ಅದರ ಮಹಾಪ್ರಾಣಕ್ಕೂ ಸಮೀಪವಾಗಿವೆ. ಒಂದರಿಂದ ಆರಂಭಿಸಿದರೆ ಹೊಟ್ಟೆ ತುಂಬಿತೆಂದೂ, ಇನ್ನೊಂದರಿಂದ ಓಡುವದೆಂದೂ ಅರ್ಥ. ಬಾಲ್ಯದಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿ ತಿದ್ದಿ ಕಲಿಸಿದ ಉಪಾಧ್ಯಾಯಿನಿಯರನ್ನು ನಾವು ಅಲ್ಲಿ ಎಷ್ಟೋ ಸಾರಿ ನೆನೆಸಿಕೊಂಡೆವು. ನಾಲ್ಕು, ಹತ್ತು ಎಂಬ ಸಂಖ್ಯೆಗಳಲ್ಲಿ ಮಾತ್ರ ಎಚ್ಚರವಿರಬೇಕು. ಒಂದಕ್ಕೆ ಸಕಾರ, ಇನ್ನೊಂದಕ್ಕೆ ಷಕಾರ. ಆದರೆ ಆ ಪ್ರಾಂತದ ಅನೇಕರು ಎರಡನ್ನೂ ಸಕಾರದಿಂದಲೇ ನುಡಿಯುವದರಿಂದ, ತರಕಾರಿಯ ಬೆಲೆಯನ್ನು ಸ್ವರದಿಂದಲೇ ಗುರುತಿಸಬೇಕಾಗುವದು.

ಹಾಗಾದರೆ ಎಷ್ಟು ಕಲಿಯಬೇಕು? 2010ರಲ್ಲಿ ಪರಿಷ್ಕೃತವಾದ ಎಚ್.ಎಸ್.ಕೆ. ಪರೀಕ್ಷೆಯು ಮೊದಲನೆಯ ಮೆಟ್ಟಿಲಿಗೆ 150, ಎರಡನೆಯದಕ್ಕೆ 300, ಮೂರನೆಯದಕ್ಕೆ 600 ಪದಗಳನ್ನು ಗೊತ್ತುಪಡಿಸಿತ್ತು. ಹೊರಡುವ ಮೊದಲು ನೂರೈವತ್ತು, ವರ್ಷದೊಳಗೆ ಆರುನೂರು ಪದಗಳೆಂದು ಇಟ್ಟುಕೊಂಡರೆ ಗೃಹಕೃತ್ಯವು ಸುಗಮವಾಗಿ ಸಾಗುವದು. ಆದರೆ ಯಾವ ಪದಗಳೆಂಬುದು ಎಷ್ಟೆಂಬುದಕ್ಕಿಂತ ಮುಖ್ಯ. ಸಂಖ್ಯೆಗಳು, ಮನೆಯ ವಿಳಾಸ, ಆಹಾರ, ರೋಗ, ಈ ನಾಲ್ಕು ಮೊದಲು ಬರಲಿ. ಮಾಂಸ ಬೇಡವೆಂದಷ್ಟೇ ಹೇಳಿದರೆ ಶಾಕಾಹಾರಿಗೆ ರಕ್ಷಣೆಯಿಲ್ಲ. ಯಾಕಂದರೆ 'ರೌ' ಎಂಬ ಮಾತಿನಿಂದ ಅಲ್ಲಿಯವರು ಸಾಮಾನ್ಯವಾಗಿ ಹಂದಿಯ ಮಾಂಸವನ್ನೇ ತಿಳಿಯುವರು. ಕೋಳಿಯ ಸಾರು ಬಟ್ಟಲಿಗೆ ಬಂದರೂ ಬರಬಹುದು. 'ವೊ ಛೃ ಸೂ', ಅಂದರೆ ನಾನು ಸಸ್ಯಾಹಾರ ತಿನ್ನುವವಳು ಎಂಬ ಮೂರು ಪದಗಳು ಹೆಚ್ಚು ಪ್ರಯೋಜನಕರ. ಲಿಪಿಯಲ್ಲಿ ಔಷಧ, ಒಳದಾರಿ, ಹೊರದಾರಿ, ಸ್ತ್ರೀ, ಪುರುಷ ಮೊದಲಾದ ಕೆಲವನ್ನು ಗುರುತಿಸಿದರೆ ಆರಂಭಕ್ಕೆ ಸಾಕು; ಬರೆಯುವದು ನಿಧಾನವಾಗಿ ಬರಲಿ.

ರೋಗದ ಮಾತುಗಳನ್ನು ಇಷ್ಟು ಒತ್ತಿ ಹೇಳುವದಕ್ಕೆ ಕಾರಣವುಂಟು. ಪರದೇಶದ ಮಕ್ಕಳು ಶಾಲೆಯಲ್ಲಿ ಬೇಗನೆ ಭಾಷೆಯನ್ನು ಹಿಡಿಯುತ್ತಾರೆ. ತಂದೆತಾಯಿಗಳು ಅವರನ್ನೇ ದುಭಾಷಿಗಳಾಗಿ ಕರೆದೊಯ್ಯುವದು ರೂಢಿಯಾಗುತ್ತದೆ. ಒಂದು ಚಿಕಿತ್ಸಾಲಯದಲ್ಲಿ ಹೊಟ್ಟೆನೋವಿನಿಂದ ಬಾಗಿ ಕುಳಿತಿದ್ದ ಒಬ್ಬ ಪರದೇಶದ ತಾಯಿಯನ್ನು ನಾವು ಕಂಡೆವು. ವೈದ್ಯರ ಪ್ರಶ್ನೆಗಳನ್ನು ಅವಳಿಗೆ ತಿಳಿಸುತ್ತಿದ್ದವಳು ಸುಮಾರು ಒಂಬತ್ತು ವರ್ಷದ ಮಗಳು. ಸ್ತ್ರೀಯರಿಗೆ ಸಂಬಂಧಿಸಿದ ಒಂದು ಪ್ರಶ್ನೆ ಬಂದಾಗ ಮಗುವು ಅರ್ಥವಾಗದೆ ತಾಯಿಯ ಮುಖವನ್ನು ನೋಡಿತು. ಮುಂದೆ ಶಸ್ತ್ರಕ್ರಿಯೆಯ ಮಾತನ್ನು ಕೇಳಿ, ಅದನ್ನು ಭಾಷಾಂತರಿಸದೆ ಅಳತೊಡಗಿತು. ಏನು ನಡೆಯಿತೆಂದು ತಾಯಿಗೆ ತಿಳಿದದ್ದು ಆ ಅಳುವಿನಿಂದಲೇ. ಅಂಥ ಭಾರವನ್ನು ಹೊರುವದು ಮಗುವಿನ ಪಾಲಿಗೆ ಬರಬಾರದು. ನೋವು, ಜ್ವರ, ವಾಂತಿ, ಎಷ್ಟು ದಿನದಿಂದ, ಯಾವ ಔಷಧ ಒಗ್ಗದು ಎಂಬಿಷ್ಟನ್ನು ತಾಯಿಯೇ ಹೇಳಬಲ್ಲವಳಾಗಿರಬೇಕು. ಆಂಬುಲೆನ್ಸಿಗೆ 120 ಎಂಬ ಸಂಖ್ಯೆಗೆ ಕರೆದಾಗ ಮನೆಯ ವಿಳಾಸವನ್ನು ತಪ್ಪಿಲ್ಲದೆ ಹೇಳುವ ಅಭ್ಯಾಸವೂ ಇರಬೇಕು. ಫೋನು ಸಹಾಯಕ್ಕಿರಲಿ, ಆದರೆ ಗಾಬರಿಯ ಹೊತ್ತಿನಲ್ಲಿ ನಾಲಿಗೆಯ ಮೇಲಿರುವದೇ ಕೈಗೆ ಬರುವದು.

ಇನ್ನು ಮನಸ್ಸಿನ ಆರೋಗ್ಯದ ಮಾತು. ಗಂಡಸರಿಗೆ ಕಚೇರಿಯಿರುತ್ತದೆ, ಮಕ್ಕಳಿಗೆ ಶಾಲೆಯಿರುತ್ತದೆ; ಮನೆಯಲ್ಲಿ ಉಳಿದವಳಿಗೆ ಗೋಡೆಗಳೇ ಸಂಗಾತಿ. ನೆರೆಯ ಮುದುಕಿಯರು ತಮ್ಮತಮ್ಮೊಳಗೆ ಸೂಜೌವಿನ ಆಡುಮಾತನ್ನೇ ಆಡುತ್ತಿದ್ದರೂ, ನಾವು ತೊದಲುತ್ತಾ ಊಟವಾಯಿತೇ ಎಂದು ಕೇಳಿದಾಗ ಸಾಮಾನ್ಯ ಭಾಷೆಯಲ್ಲಿ ನಿಧಾನವಾಗಿ ಉತ್ತರ ಕೊಡುತ್ತಿದ್ದರು. ಊಟವಾಯಿತೇ ಎಂದು ಕುಶಲ ಕೇಳುವ ಪದ್ಧತಿ ಅವರಲ್ಲಿಯೂ ನಮ್ಮಲ್ಲಿಯೂ ಒಂದೇ ಎಂದು ತಿಳಿದ ದಿನದಿಂದ ಆ ಬೀದಿಯು ನಮಗೆ ಅನ್ಯವಾಗಿ ತೋರಲಿಲ್ಲ.

1853ರಲ್ಲಿ ನಮ್ಮ ನಾಡಿಗೆ ಬಂದ ಕಿಟ್ಟೆಲರು ಕನ್ನಡವನ್ನು ಕಲಿತು 1894ರಲ್ಲಿ ಮಹಾನಿಘಂಟನ್ನೇ ಕೊಟ್ಟರು. ಸಂಸಾರ ನಡಿಸುವದಕ್ಕೆ ನಾವೆಲ್ಲರೂ ಕಿಟ್ಟೆಲರಾಗಬೇಕೆಂದಿಲ್ಲ. ವೈದ್ಯರ ಮುಂದೆ ಮಗುವನ್ನು ನಿಲ್ಲಿಸದಷ್ಟು, ನೆರೆಯವಳ ಮುಂದೆ ಮೂಕಿಯಾಗಿ ನಿಲ್ಲದಷ್ಟು ಕಲಿತರೆ ಸಾಕು. ಅಷ್ಟಕ್ಕೆ ಕಡಿಮೆಯಾದರೆ ಸಾಲದು.